ಎಲಚಿ ಗಿಡದ ಕೊಕ್ಕೆಮುಳ್ಳು

ಲೋಕ ಆಗತಾನೇ ಹುಟ್ಟಿತ್ತು. ಗುಡ್ಡಗಳು ಇನ್ನೂ ಹಸಿ ಮಡಕೆಯ ಹಾಗೆ ಮೆತ್ತಗಿದ್ದವು. ಯಾವ ಕಡೆ ಬೀಸಬೇಕೆಂದು ಗಾಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಗಿಡ, ಹಕ್ಕಿ, ಮನುಷ್ಯ ಎಲ್ಲರೂ ಆಡುತ್ತಿದ್ದುದು ಒಂದೇ ಮಾತು. ಆ ಕಾಲದಲ್ಲಿ ಎಲಚಿ ಗಿಡಕ್ಕೆ ಮುಳ್ಳೇ ಇರಲಿಲ್ಲ. ನಂಬದಿದ್ದರೆ ಬಿಡು, ಕಥೆ ಮಾತ್ರ ಕೇಳು.

ಕೆಂಪು ಮಣ್ಣಿನ ಗುಡ್ಡದ ಮೇಲೆ ಅಂಥದೊಂದು ಎಲಚಿ ಗಿಡವಿತ್ತು. ಗುಡ್ಡದ ಕೆಳಗಿನ ಹಟ್ಟಿಯಲ್ಲಿ ಕೆಂಚಜ್ಜಿ ಎಂಬ ಮುದುಕಿ ಇದ್ದಳು. ಚಳಿ ಹಿಂದಾಗಿ ಬಿಸಿಲು ಏರುವ ಹೊತ್ತಿಗೆ ಎಲಚಿ ಹಣ್ಣು ಕೆಂಪಾಗಿ, ಸುಕ್ಕುಗಟ್ಟಿ, ತಾನಾಗಿಯೇ ಉದುರತೊಡಗುತ್ತಿತ್ತು. ಆಗ ಕೆಂಚಜ್ಜಿ ಬಿದಿರಿನ ಪುಟ್ಟಿ ಹೊತ್ತು ಗುಡ್ಡ ಹತ್ತುತ್ತಿದ್ದಳು. ಮದುವೆಯಾಗಿ ಹಟ್ಟಿಗೆ ಬಂದ ಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಆ ಹಣ್ಣನ್ನು ಅವಳು ಒಣಗಿಸಿ, ಒರಳಿಗೆ ಹಾಕಿ, ಬೆಲ್ಲ, ಉಪ್ಪು, ಚೂರು ಖಾರ ಸೇರಿಸಿ ಕುಟ್ಟುತ್ತಿದ್ದಳು. ಅಂಗೈಯಲ್ಲಿ ವಡೆ ತಟ್ಟಿ, ಮತ್ತೆ ಒಣಗಿಸಿ, ಮಡಕೆಗೆ ತುಂಬಿಡುತ್ತಿದ್ದಳು. ಹಿಡಿ ಸೊಪ್ಪೂ ಸಿಗದ ಸುಡು ಬೇಸಿಗೆಯಲ್ಲಿ ಬರಿ ಮುದ್ದೆಯ ಜೊತೆ ಆ ಎಲಚಿ ವಡೆ ಒಂದು ಚೂರು ಕಚ್ಚಿಕೊಂಡರೆ ಬಾಯಿಗೆ ಜೀವ ಬರುತ್ತಿತ್ತು. ಅವಳ ಮೊಮ್ಮಗಳು ದ್ಯಾಮಿ ಬೇಸಿಗೆಯಲ್ಲಿ ಉಣ್ಣಲು ಕೂರುತ್ತಿದ್ದುದೇ ಅದರ ಆಸೆಗೆ.

ಕೆಂಚಜ್ಜಿ ಗಿಡವನ್ನು ಎಂದೂ ಬಡಿದವಳಲ್ಲ. ಬುಡದಲ್ಲಿ ಹಳೇ ಸೀರೆ ಹಾಸಿ, ಕೊಂಬೆ ಹಿಡಿದು ಮೆಲ್ಲಗೆ ಅಲುಗಿಸುವಳು. ತುದಿಯ ಕೊಂಬೆಯನ್ನು ಹಕ್ಕಿಗಳಿಗೆಂದು ಬಿಡುವಳು. ಆಮೇಲೆ ಕೂತು ಹಣ್ಣು ಆರಿಸುತ್ತಾ ಮಾತಿಗೆ ಶುರು ಮಾಡುವಳು.

“ನೆಪ್ಪೈತೇನೆ ಎಲಚವ್ವ, ನಮ್ಮತ್ತೆ ಮೊದಲ್ನೇ ಸಲ ನನ್ನ ಇಲ್ಲಿಗೆ ಕರ್ಕೊಂಬಂದಿದ್ದು?”

“ನೆಪ್ಪಿಲ್ದೆ ಏನು! ಆರಿಸಿದ್ದಕ್ಕಿಂತ ನೀನು ತಿಂದಿದ್ದೇ ಜಾಸ್ತಿ. ನಿಮ್ಮತ್ತೆ ಪುಟ್ಟಿ ನೋಡಿ ಹಣೆ ಚಚ್ಕೊಂಡ್ಳು.”

ಅಜ್ಜಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು. ಅತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು. ಜೊತೆಗೆ ಪುಟ್ಟಿ ಹೊತ್ತು ಬರುತ್ತಿದ್ದ ಗೆಳತಿಯರೂ ಒಬ್ಬೊಬ್ಬರಾಗಿ ಹೋಗಿದ್ದರು. ಅವರನ್ನೆಲ್ಲ ಕಂಡು, ಅವರ ಹೆಸರು ಹಿಡಿದು ಮಾತಾಡಲು ಉಳಿದಿದ್ದು ಈ ಗಿಡ ಒಂದೇ. ಹಣ್ಣಿಗೆ ಹೋಗುತ್ತೇನೆ ಎಂದು ಕೆಂಚಜ್ಜಿ ಮನೆಯಲ್ಲಿ ಹೇಳುತ್ತಿದ್ದಳು. ನಿಜಕ್ಕೂ ಹೋಗುತ್ತಿದ್ದುದು ಆ ಮಾತಿಗೆ.

ಒಂದು ವರ್ಷ, ಹಣ್ಣು ಇನ್ನೂ ದೋರೆಗಾಯಿ ಇರುವಾಗಲೇ, ಯಾರ್ಯಾರೋ ಕೋಲು ಹಿಡಿದು ಗುಡ್ಡಕ್ಕೆ ಬಂದರು. ಬಡಿದರು, ಜಗ್ಗಿದರು, ಕೊಂಬೆ ಮುರಿದರು. ತಿಂದಷ್ಟು ತಿಂದು, ಉಳಿದದ್ದನ್ನು ತುಳಿದು ಹೋದರು. ಕೆಂಚಜ್ಜಿ ಬಂದಾಗ ಗಿಡದಲ್ಲಿ ಒಂದು ಹಿಡಿ ಹಣ್ಣೂ ಇರಲಿಲ್ಲ. ಮುರಿದ ಕೊಂಬೆಗೆ ಸಗಣಿ ಮೆತ್ತಿ, ಬರಿ ಪುಟ್ಟಿ ಹೊತ್ತು ಇಳಿದಳು.

“ಹಟ್ಟೀಲಿ ದ್ಯಾಮಿ ಮುದ್ದೆ ಮುಂದೆ ಮಕ ತಿರುಗಿಸ್ಕಂಡು ಕೂತವಳೆ,” ಎಂದು ಆ ಬೇಸಿಗೆಯಲ್ಲಿ ಗಾಳಿ ಬಂದು ಹೇಳಿತು. “ಅಜ್ಜಿನೂ ಸರ್ಯಾಗಿ ಉಣ್ತಿಲ್ಲ.”

ಎಲಚಿ ಗಿಡಕ್ಕೆ ತಡೆಯಲಾಗಲಿಲ್ಲ. ಬೇರಿನ ತುದಿಯಿಂದ ಭೂಮಿತಾಯಿಯನ್ನು ಕೂಗಿತು.

“ತಾಯೀ, ನಂಗೆ ಮುಳ್ಳು ಕೊಡು. ಕೈ ಹಾಕಿದೋರಿಗೆ ಚುರುಕ್ ಅನ್ಬೇಕು.”

“ಯೋಚ್ನೆ ಮಾಡಿ ಕೇಳು ಮಗಳೇ,” ಎಂದಳು ಭೂಮಿತಾಯಿ. “ಒಂದ್ಸಲ ಕೊಟ್ರೆ ಮತ್ತೆ ವಾಪಸ್ ತಗಳಾಕಾಗಲ್ಲ.”

“ಯೋಚ್ನೆ ಮಾಡಿದೀನಿ. ಕೊಡು.”

ಭೂಮಿತಾಯಿ ಕೊಟ್ಟಳು. ಎಲೆಯೊಂದಕ್ಕೆ ಎರಡು ಮುಳ್ಳು, ಎರಡೂ ನೆಟ್ಟಗೆ, ಸೂಜಿಗಿಂತ ಚೂಪು. ಮರುವರ್ಷ ಕೋಲು ಹಿಡಿದು ಬಂದವರು ಬೆರಳು ಚೀಪುತ್ತಾ ಓಡಿದರು. ಪಿಕಳಾರ ಹಕ್ಕಿ ತುದಿಯ ಕೊಂಬೆಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಗಿಡದ ತುಂಬ ಹಣ್ಣು ನಿಂತಿತು. ಎಲಚಿ ಗಿಡ ದಿನಾ ಹಟ್ಟಿಯ ದಾರಿ ನೋಡುತ್ತಿತ್ತು.

ಕೊನೆಗೊಂದು ದಿನ ಕೆಂಚಜ್ಜಿ ಬಂದಳು. ಈ ಸಲ ಮೂರು ಕಡೆ ಕೂತು ಸುಧಾರಿಸಿಕೊಂಡೇ ಗುಡ್ಡ ಹತ್ತಿದ್ದಳು. ಕಣ್ಣು ಮಂಜಾಗಿತ್ತು. ಸೀರೆ ಹಾಸಿ, ಎಂದಿನ ಅಭ್ಯಾಸದಂತೆ ಕೊಂಬೆಯನ್ನು ಬಿಗಿಯಾಗಿ ಹಿಡಿದಳು. ಅಂಗೈಯಿಂದ ರಕ್ತ ಬಂತು.

“ಅಯ್ಯೋ ಕೆಂಚೀ, ನಿಂಗಲ್ಲ ಕಣೇ! ಅದು ಆ ಕಳ್ಳರಿಗೆ!”

“ಕಳ್ಳರ ಕೈ ಯಾವುದು, ನನ್ನ ಕೈ ಯಾವುದು ಅಂತ ನಿಂಗೆ ಗೊತ್ತಾಗದಂಗಾಯ್ತಾ?” ಅಜ್ಜಿ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. “ಬಾಯಲ್ಲಿ ಬಾ ಅಂತೀಯ, ಕೈಗೆ ಚುಚ್ತೀಯ. ಆಯ್ತು ಬಿಡವ್ವ. ನನ್ನೋರು ಅಂತ ಇದ್ದವಳು ನೀನೊಬ್ಳು. ಇನ್ನು ನಾ ಬರಲ್ಲ.”

ಸೀರೆ ಮಡಚಿ, ಪುಟ್ಟಿ ಎತ್ತಿಕೊಂಡು ತಿರುಗಿದಳು. ಕೆಂಚಜ್ಜಿ ಸುಮ್ಮನೆ ಬಾಯಿಮಾತಿಗೆ ಹಾಗೆ ಹೇಳುವವಳಲ್ಲ. ಈಗ ಇಳಿದುಹೋದರೆ ಅವಳು ಇನ್ನೆಂದೂ ಬರುವುದಿಲ್ಲವೆಂದು ಗಿಡಕ್ಕೆ ಗೊತ್ತಿತ್ತು. ಕೂಗಿ ಕರೆಯಿತು, ಅವಳು ಕೇಳಿಯೂ ಕೇಳದ ಹಾಗೆ ಮೆಲ್ಲಗೆ ಒಂದೊಂದೇ ಹೆಜ್ಜೆ ಇಟ್ಟಳು.

“ತಾಯೀ! ಮುಳ್ಳು ವಾಪಸ್ ತಗೋ!”

“ಆಗಲ್ಲ ಅಂತ ಅವತ್ತೇ ಹೇಳಿರ್ನಿಲ್ವಾ? ಕಳ್ಳರಿಗೆ ಅಂತ ನೀನು ಹೇಳ್ನಿಲ್ಲ. ಕೈ ಹಾಕಿದೋರಿಗೆ ಅಂದೆ, ಕೊಟ್ಟೆ.” ಭೂಮಿತಾಯಿಗೂ ಕರುಳು ಚುರುಕ್ ಎಂದಿತ್ತು. “ತಗಳಾಕಾಗಲ್ಲ. ಬೇಕಾದ್ರೆ ಬಗ್ಗಿಸ್ತೀನಿ.”

“ಹಂಗಾದ್ರೆ ಎರಡ್ರಲ್ಲಿ ಒಂದು ಬಗ್ಗಿಸು. ಒಂದು ಕಾಯ್ಕಂಡಿರ್ಲಿ. ಇನ್ನೊಂದು ಅವಳ್ನ ಹಿಡ್ಕಳ್ಳಿ.”

ಎಲೆ ಎಲೆಯ ಬುಡದಲ್ಲೂ ಒಂದೊಂದು ಮುಳ್ಳು ಹಿಂದಕ್ಕೆ ಬಾಗಿ ಕೊಕ್ಕೆಯಾಯಿತು. ಅಷ್ಟರಲ್ಲಿ ಗಾಳಿ ಓಡಿ ಬಂದು ಅಜ್ಜಿಯ ಸೆರಗನ್ನು ಗಿಡದ ಕಡೆಗೆ ಹಾರಿಸಿತು. ಕೊಕ್ಕೆ ಸೆರಗನ್ನು ಹಿಡಿಯಿತು.

ಅಜ್ಜಿ ತಿರುಗದೆಯೇ ಜಗ್ಗಿದಳು. ಬಿಡಲಿಲ್ಲ. ಇನ್ನೂ ಜೋರಾಗಿ ಜಗ್ಗಿದಳು. ಕೊಕ್ಕೆ ಇನ್ನೂ ಒಳಕ್ಕೆ ಇಳಿಯಿತು, ಸೆರಗಿನ ಎಳೆ ಪರ್ ಎಂದಿತು. ಉಟ್ಟುಕೊಳ್ಳಲು ಇದ್ದದ್ದು ಅದೊಂದೇ ಸೀರೆ.

“ಜಗ್ಗಬ್ಯಾಡ ಕಣೇ, ಹರೀತೈತೆ,” ಎಂದಿತು ಗಿಡ, ಮೆಲ್ಲಗೆ. “ಈ ಕಡೀಕೆ ಬಾ.”

ಕೆಂಚಜ್ಜಿ ಒಂದು ಹೆಜ್ಜೆ ಹಿಂದಕ್ಕೆ ಬಂದಳು. ಸೆರಗು ಸ್ವಲ್ಪ ಸಡಿಲವಾಯಿತು. ಇನ್ನೊಂದು ಹೆಜ್ಜೆ ಬಂದಳು. ಮುಳ್ಳಿನಿಂದ ಬಿಡಿಸಿಕೊಳ್ಳಲು ಗಿಡಕ್ಕೆ ಮೈ ತಾಗುವಷ್ಟು ಹತ್ತಿರ ನಿಲ್ಲಬೇಕಾಯಿತು, ಮಂಜುಗಣ್ಣನ್ನು ಕೊಂಬೆಗೆ ಹಚ್ಚಿ ನೋಡಬೇಕಾಯಿತು. ನೆಟ್ಟಗಿನ ಮುಳ್ಳಿನ ಪಕ್ಕದಲ್ಲಿ ಬಾಗಿದ ಹೊಸ ಕೊಕ್ಕೆ ಅವಳಿಗೆ ಕಂಡಿತು. ಅದು ಯಾಕೆ ಬಾಗಿದೆಯೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ವಯಸ್ಸಾದೋಳ ಸೆರಗು ಹಿಡ್ದು ಎಳೀತೀಯಲ್ಲೇ,” ಎಂದಳು, ಅಳುತ್ತಲೂ ನಗುತ್ತಲೂ. “ನಾಚ್ಕೆ ಆಗಲ್ವಾ ನಿಂಗೆ?”

“ಇಲ್ಲ,” ಎಂದಿತು ಎಲಚಿ ಗಿಡ.

ಅವತ್ತು ಹೊತ್ತು ಇಳಿಯುವ ತನಕ ಇಬ್ಬರೂ ಮಾತಾಡಿದರು. ಮುಳ್ಳಿನ ನಡುವೆ ಬೆರಳು ತೂರಿಸಿ ಹಣ್ಣು ಬಿಡಿಸುವುದನ್ನು ಅಜ್ಜಿ ಕಲಿತಳು. ಪುಟ್ಟಿ ತುಂಬಿತು, ಆ ಬೇಸಿಗೆ ದ್ಯಾಮಿಯ ಹೊಟ್ಟೆಯೂ ತುಂಬಿತು. ಮುಂದೆ ಅಜ್ಜಿಗೆ ಗುಡ್ಡ ಹತ್ತಲಾಗದ ಕಾಲ ಬಂದಾಗ ದ್ಯಾಮಿ ಬಂದಳು, ದ್ಯಾಮಿಯ ಮಕ್ಕಳು ಬಂದರು. ಹೊರಡುವ ಹೊತ್ತಿಗೆ ಗಿಡ ಒಬ್ಬರನ್ನೂ ಸುಮ್ಮನೆ ಬಿಟ್ಟುಕೊಡಲಿಲ್ಲ.

ಇವತ್ತಿಗೂ ಎಲಚಿ ಗಿಡದಲ್ಲಿ ಎಲೆಯ ಬುಡಕ್ಕೆ ಎರಡು ಮುಳ್ಳು, ಒಂದು ನೆಟ್ಟಗೆ, ಒಂದು ಕೊಕ್ಕೆ. ನೆಟ್ಟಗಿನದು ಬರಬೇಡ ಎನ್ನುತ್ತದೆ, ಕೊಕ್ಕೆ ಹೋಗಬೇಡ ಎನ್ನುತ್ತದೆ. ಹಣ್ಣು ಆರಿಸಿಕೊಂಡು ಹೊರಟಾಗ ನಿನ್ನ ಲಂಗ ಸಿಕ್ಕಿಕೊಂಡರೆ ಜಗ್ಗಬೇಡ ಕಂದಾ, ಒಂದು ಹೆಜ್ಜೆ ಗಿಡದ ಹತ್ತಿರಕ್ಕೇ ಬಾ, ಅದು ತಾನಾಗಿಯೇ ಬಿಡುತ್ತದೆ.