ಸುಕ್ಕು ಉಜ್ಜಿದ ಕವಚ

ಹೊಳೆ ಕಡಲು ಸೇರುವ ದಂಡೆಯಲ್ಲಿ ಪರಮಯ್ಯ ಎಂಬ ಗುರುಗಳಿದ್ದರು. ಅವರ ಆಶ್ರಮದಲ್ಲಿ ಮಂತ್ರಪಾಠ ಇರಲಿಲ್ಲ. ಪುಟ್ಟ ಸಬ್‌ಮರೀನುಗಳಿಗೆ ಕವಚ ಕಟ್ಟುವುದನ್ನು ಅವರು ಕಲಿಸುತ್ತಿದ್ದರು.

ಅದು ಕಬ್ಬಿಣದ ಕವಚವಲ್ಲ. ಕಾರ್ಬನ್ ನೂಲನ್ನು ಅಂಟಿನಲ್ಲಿ ಅದ್ದಿ, ದೊಡ್ಡ ಉರುಳೆಯ ಮೇಲೆ ಪದರ ಪದರವಾಗಿ ಸುತ್ತಿ, ಕಾಯಿಸಿ ಗಟ್ಟಿ ಮಾಡಿದ್ದು. ಕಟ್ಟಿದವನೇ ಅದರಲ್ಲಿ ಕೂತು ಮೊದಲು ಮುಳುಗಬೇಕು. ಅಲ್ಲಿನ ಪದ್ಧತಿ ಅದು.

ಶಿಷ್ಯ ಇಂದುಧರನ ಮೊದಲ ಕವಚ ಸಿದ್ಧವಾಯಿತು. ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ನುಣುಪು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗುರುಗಳು ಕವಚದ ಮೇಲೆ ಅಂಗೈ ಆಡಿಸಿದರು.

"ಸುತ್ತುವಾಗ ಎಲ್ಲೂ ಸುಕ್ಕು ಬೀಳಲಿಲ್ಲವೇನೋ?"

"ಪ್ರತಿ ಪದರದಲ್ಲೂ ಬಿತ್ತು ಗುರುಗಳೇ. ಪದರ ಗಟ್ಟಿಯಾದ ಮೇಲೆ ಸುಕ್ಕನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ, ಸಮ ಮಾಡಿ, ಆಮೇಲೆ ಮೇಲಿನದು ಸುತ್ತಿದೆ. ಎಲ್ಲಾದರೂ ಕಾಣುತ್ತದಾ, ಹೇಳಿ!"

"ಕಾಣೋದಿಲ್ಲ. ಚೆನ್ನಾಗಿ ಮುಚ್ಚಿದ್ದೀಯ."

ಗುರುಗಳು ಅವನ ಕೈಗೆ ಒಂದೆಳೆ ನೂಲು ಕೊಟ್ಟರು. "ಎಳೆದು ತುಂಡು ಮಾಡು."

ಇಂದುಧರ ಎಳೆದ. ಬೆರಳು ಕೆಂಪಾಯಿತು, ನೂಲು ಜಗ್ಗಲಿಲ್ಲ.

ಗುರುಗಳು ಅದೇ ನೂಲನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಕೊಟ್ಟರು. ಈ ಸಲ ಎಳೆದದ್ದೇ ತಡ, ಪಟ್ಟನೆ ಹರಿಯಿತು.

ಇಂದುಧರನ ಮುಖ ಬಾಡಿತು. "ಆದರೆ ನಿನ್ನೆ ಖಾಲಿ ಇಳಿಸಿದಾಗ ಏನೂ ಆಗದೆ ಮೇಲೆ ಬಂತಲ್ಲ ಗುರುಗಳೇ?"

"ಬಂತು. ಇವತ್ತೂ ಬರುತ್ತೇನೆ ಅಂತ ನಿನಗೆ ಮಾತು ಕೊಟ್ಟಿದೆಯಾ? ಕೊಟ್ಟಿದ್ದರೆ ಹೋಗಿ ಕೂತುಕೋ."

ಅವನು ಮುಳುಗುವುದನ್ನು ನೋಡಲು ದಂಡೆಯಲ್ಲಿ ಆಗಲೇ ಊರವರು ಸೇರಿದ್ದರು. ಅವನ ತಾಯಿ ಹೂವಿನ ಹಾರ ಹಿಡಿದು ಬಂದಿದ್ದಳು. ಅಷ್ಟು ಜನರ ಎದುರು ತಪ್ಪಾಯಿತು ಅನ್ನುವುದು ಸುಲಭವೇ? ಇಂದುಧರ ಹೋಗಿ ಗರಗಸ ತಂದ.

"ಅಮ್ಮಾ, ಇದು ಮೇಲೆ ತಳುಕು, ಒಳಗೆ ಹುಳುಕು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕವಚವನ್ನು ತಾನೇ ಕೊಯ್ದು ಎರಡು ಮಾಡಿದ.

ಅವತ್ತು ಊಟಕ್ಕೆ ಗುರುಗಳು ಅವನ ಎಲೆಗೆ ತಾವೇ ಬಡಿಸಿದರು.

ಇಂದುಧರ ಮತ್ತೆ ಸುತ್ತಲು ಕೂತ. ಸುಕ್ಕು ಬಿದ್ದಾಗಲೆಲ್ಲ, ಅಂಟು ಆರುವ ಮುಂಚೆ, ಅಷ್ಟೂ ನೂಲನ್ನು ಬಿಚ್ಚಿ ಹೊಸದಾಗಿ ಸುತ್ತಿದ. ತನ್ನನ್ನೇ ಬೈದುಕೊಂಡ, ಒಮ್ಮೆ ಅತ್ತೂಬಿಟ್ಟ. ಮಳೆಗಾಲ ಪೂರ್ತಿ ಅದರಲ್ಲೇ ಕಳೆಯಿತು.

ಈ ಸಲದ್ದು ಕಪ್ಪಗೆ, ಮಂಕಾಗಿತ್ತು. "ಮೊದಲಿನದೇ ಚೆಂದ ಇತ್ತಪ್ಪ" ಅಂದರು ಊರವರು. ಗುರುಶಿಷ್ಯರು ಖಾಲಿ ಕವಚವನ್ನು ಮತ್ತೆ ಮತ್ತೆ ಆಳಕ್ಕೆ ಇಳಿಸಿ ನೋಡಿದರು. ಕೂದಲೆಳೆಯಷ್ಟೂ ಬಿರುಕಿಲ್ಲ.

ಇಂದುಧರ ಎದೆಯುಬ್ಬಿಸಿ ಒಳಗೆ ಇಳಿದು ಕೂತ. ಇನ್ನೇನು ಮುಚ್ಚಳ ಹಾಕಬೇಕು, ಗುರುಗಳು ಅಲ್ಲೇ ನಿಂತಿದ್ದರು.

"ಏನಾದರೂ ದೋಷ ಕಂಡಿತೇ ಗುರುಗಳೇ?"

ಪರಮಯ್ಯನವರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಒಂದು ಕಾಲು ಒಳಗಿಟ್ಟರು.

"ಸ್ವಲ್ಪ ಸರಿದು ಕೂರೋ. ಶಿಷ್ಯ ಕಟ್ಟಿದ್ದರಲ್ಲಿ ಕೂತು ಮುಳುಗುವ ಜಂಭ ನನಗೂ ಬೇಡವೇ?"