ಸಂಜೆಯವರೆಗೆ ಸತ್ತ ಗುರು

ಹೊಳೆದಂಡೆಯ ಮಠದಲ್ಲಿ ವಯಸ್ಸಾದ ಗುರುಗಳೊಬ್ಬರಿದ್ದರು. ಅವರ ಶಿಷ್ಯ ಮರುಳಯ್ಯನಿಗೆ ಹಾವೆಂದರೆ ಭಯವಿರಲಿಲ್ಲ, ಹೊಳೆಯ ಸುಳಿಯೆಂದರೆ ಭಯವಿರಲಿಲ್ಲ. ಉಯಿಲು ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು.

"ಕಾಗದ ತಾ, ಮರುಳಯ್ಯ. ನಾನು ಹೋದಮೇಲೆ ಯಾವುದು ಯಾರಿಗೆ ಅಂತ ಬರೆದಿಟ್ಟುಬಿಡೋಣ," ಎಂದರು ಗುರುಗಳು.

"ಇವತ್ತು ಒಳ್ಳೆ ಮುಹೂರ್ತದ ದಿನ, ಬುದ್ಧಿ. ಇಂಥ ದಿನ ಅದನ್ನೆಲ್ಲ ಬರೀಬಾರದು."

"ನಿನ್ನೆ?"

"ನಿನ್ನೆ ಮಂಗಳವಾರ."

"ನಾಳೆ?"

ಮರುಳಯ್ಯ ತಲೆ ತಗ್ಗಿಸಿದ. "ಬರೆದರೆ ಯಮನಿಗೆ ನಾವೇ ವಿಳಾಸ ಕೊಟ್ಟ ಹಾಗೆ. ನಮ್ಮಪ್ಪ ಉಯಿಲಿಗೆ ಹೆಬ್ಬೆಟ್ಟು ಒತ್ತಿದ ವಾರದಲ್ಲೇ ಹೋದ."

"ಕಾಯಿಲೆ ಇತ್ತೇನು?"

"ಇತ್ತು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ."

"ಆದರೂ ಕೊಂದದ್ದು ಹೆಬ್ಬೆಟ್ಟು!"

ಗುರುಗಳು ಎದ್ದು ಜಗಲಿಗೆ ಹೋದರು. "ಹಾಗಾದರೆ ಬರೆಯೋದು ಬೇಡ. ಸಂಜೆಯವರೆಗೆ ನಾನು ಸತ್ತಿದ್ದೇನೆ. ಮಠ ನೀನೇ ನೋಡಿಕೋ."

"ಬಿಡ್ತು ಅನ್ನಿ, ಬುದ್ಧಿ!"

ಅವರು ಆಗಲೇ ಶಾಲನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ್ದರು.

ಮರುಳಯ್ಯ ಹಾಲು ಕರೆಯಲು ಹೋದ. ಗುರುಗಳ ದನಿ ಕೇಳದೆ ಹಸು ಹಾಲು ಕೊಡಲಿಲ್ಲ. ಕೊಟ್ಟದ್ದು ಒದೆ.

ಅಷ್ಟರಲ್ಲಿ ಆಚೆ ದಡದ ಪುಟ್ಟೀರಮ್ಮ ಏದುಸಿರು ಬಿಡುತ್ತ ಬಂದಳು.

"ಬುದ್ಧಿಯವರು ಮಲಗವ್ರಾ?"

"ಇಲ್ಲ, ಸತ್ತಿದ್ದಾರೆ. ಸಂಜೆಗೆ ಏಳುತ್ತಾರೆ."

"ಅಲ್ಲೀಗಂಟ ಕಾಯಕ್ಕಾಗಕಿಲ್ಲ ಕಣಪ್ಪ. ಮೊಮ್ಮಗಳ ಧಾರೆ ಇವತ್ತೇ. ನಮ್ಮವ್ವನ ಕಿವಿ ಓಲೆ ಜೋಪಾನವಾಗಿರ್ಲಿ ಅಂತ ಇವರ ಕೈಲಿ ಕೊಟ್ಟಿದ್ದೆ. ತಂದ್ಕೊಡು, ದೋಣಿ ನಿಂತೈತೆ."

ಮರುಳಯ್ಯ ಅಕ್ಕಿಯ ಮಡಕೆಗೆ ಕೈ ಹಾಕಿದ. ಹಾಸಿಗೆ ಬಿಚ್ಚಿ ಕೊಡವಿದ. ಅಟ್ಟ ಹತ್ತಿದ. ಅಲ್ಲಿ ಸೌದೆಯ ಹಿಂದೆ, ತಾನೇ ಬಚ್ಚಿಟ್ಟಿದ್ದ ಬೆಲ್ಲದ ಕುಡಿಕೆ ಕೈಗೆ ತಗುಲಿತು. ಅದರ ಮೇಲೆ ಗೋಣಿ ಎಳೆದು ಮುಚ್ಚಿ ಇಳಿದ. ಓಲೆ ಎಲ್ಲೂ ಇರಲಿಲ್ಲ.

ದೋಣಿಯವನು ಕೂಗಿದ. ಪುಟ್ಟೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೋಳು ಕಿವೀಲಿ ಹಸೆ ಏರ್ಬೇಕಾ ನನ್ನ ಮಗು?"

ಮರುಳಯ್ಯ ಜಗಲಿಗೆ ಓಡಿದ. "ಬುದ್ಧಿ, ಒಂದೇ ಮಾತು. ಎಲ್ಲಿಟ್ಟಿದ್ದೀರಿ?"

ಶಾಲು ಅಲುಗಲಿಲ್ಲ.

ನೊಣವೊಂದು ಬಂದು ಗುರುಗಳ ಪಾದದ ಮೇಲೆ ಕೂತಿತು. ಬೆರಳಿನಿಂದ ಬೆರಳಿಗೆ ನಡೆಯಿತು. ಪಾದವೂ ಅಲುಗಲಿಲ್ಲ.

ಮುಟ್ಟಲು ಚಾಚಿದ ಮರುಳಯ್ಯನ ಕೈ ಅರ್ಧಕ್ಕೇ ನಿಂತಿತು. ಮುಟ್ಟಿದಾಗ ತಣ್ಣಗಿದ್ದರೆ?

"ಬುದ್ಧೀ!"

ಶಾಲಿನೊಳಗಿಂದ ದನಿ ಬಂತು. "ದೇವರ ಗೂಡಿನಲ್ಲಿ. ವಿಭೂತಿ ಬಟ್ಟಲಿನ ಕೆಳಗೆ."

ಓಲೆ ಸಿಕ್ಕಿತು. ಪುಟ್ಟೀರಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ದೋಣಿಯ ಕಡೆ ಓಡಿದಳು.

ಮರುಳಯ್ಯ ಒಳಗೆ ಹೋಗಿ, ಪಂಚಾಂಗ ನೋಡದೆ, ಕಾಗದ ತಂದ.

"ಈಗಲೇ ಬರೆಸಿ, ಬುದ್ಧಿ. ಯಾರಿಗೆ ಏನು, ಎಲ್ಲೆಲ್ಲಿ ಏನಿದೆ, ಎಲ್ಲ."

ಗುರುಗಳು ಎದ್ದು ಕೂತರು. "ಬರಿ. ಮೊದಲು ನಿನ್ನದು."

"ನನ್ನದಾ? ನನಗಿನ್ನೂ ವಯಸ್ಸಿದೆಯಲ್ಲ, ಬುದ್ಧಿ! ಅಲ್ಲದೆ, ನನ್ನದು ಅಂತ ಇಲ್ಲಿ ಏನಿದೆ?"

ಗುರುಗಳು ಅಟ್ಟದ ಕಡೆ ನೋಡಿದರು.

"ಸೌದೆಯ ಹಿಂದಿನ ಬೆಲ್ಲ ಯಾರಿಗೆ?"