ಬಾವಿಯಷ್ಟು ರುಮಾಲು

"ಗುರುಗಳೇ, ಬರೆದದ್ದನ್ನು ಮಡಿಸಿಡಲು ಜನರಿಗೆ ಬಿಡಬೇಕೇ, ಬೇಡವೇ?" ಎಂದು ಶಿಷ್ಯ ಕೇಳಿದ.

ಆಶ್ರಮಕ್ಕೆ ಅಂತರ್ಜಾಲದಲ್ಲಿ ಒಂದು ಚರ್ಚಾಕಟ್ಟೆ ಇತ್ತು. ದೂರದೂರದ ಭಕ್ತರು ಅಲ್ಲಿ ಬರೆಯುತ್ತಿದ್ದರು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಈ ಶಿಷ್ಯನದು. ಗುರುಗಳಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಅವರು ಈವರೆಗೆ ಯಾರಿಗೂ ಹೇಳಿರಲಿಲ್ಲ.

"ಮಡಿಸುವುದು ಎಂದರೆ?" ಎಂದರು, ಗೊತ್ತಿದ್ದವರ ಹಾಗೆ.

"ಉದ್ದದ ಬರಹದಲ್ಲಿ ಒಂದು ಭಾಗವನ್ನು ಮುಚ್ಚಿಡುವುದು. ಮೇಲೆ ಒಂದು ಸಾಲು ಮಾತ್ರ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ಬೇಡದವರು ಹಾಗೇ ಮುಂದೆ ಹೋಗುತ್ತಾರೆ. ಸ್ವಲ್ಪ ದಿನ ಹಾಗೆ ಮಡಿಸಲು ಬಿಟ್ಟು ನೋಡಿದೆವು. ಒಬ್ಬರು ಮೇಲೆ 'ನನ್ನ ಧ್ಯಾನದ ಅನುಭವ' ಎಂದು ಬರೆದು ಒಳಗೆ ಉಪ್ಪಿನಕಾಯಿಯ ಜಾಹೀರಾತು ಇಟ್ಟರು."

"ಯಾವ ಉಪ್ಪಿನಕಾಯಿ?"

"ನಿಂಬೆಹಣ್ಣಿನದು. ವಿಷಯ ಅದಲ್ಲ ಗುರುಗಳೇ. ಒಬ್ಬ ತಾಯಿ, ಮಗಳನ್ನು ಕಳೆದುಕೊಂಡ ಮೇಲೆ ತಾನು ಹೇಗೆ ಬದುಕಿ ಉಳಿದೆ ಎಂದು ಬರೆದಿದ್ದಾರೆ. ಬಹಳ ಉದ್ದ. ಮಡಿಸಿಟ್ಟಿದ್ದಾರೆ. ಬಿಚ್ಚಿ ಓದಿದವರು ಒಬ್ಬರೇ. ಇನ್ನು ಮಡಿಕೆಯೇ ಬೇಡ, ಇರುವುದೆಲ್ಲ ಬಿಚ್ಚಿರಲಿ, ಉದ್ದವಾದದ್ದನ್ನು ಕತ್ತರಿಸಿ ಎನ್ನುತ್ತಿದ್ದಾರೆ ಎಲ್ಲರೂ. ಸಂಜೆಯೊಳಗೆ ನಾನು ಹೂಂ ಅನ್ನಬೇಕು. ಹೂಂ ಅಂದರೆ ಆ ತಾಯಿಯ ಬರಹವೂ ಕತ್ತರಿಗೆ ಹೋಗುತ್ತದೆ."

ಗುರುಗಳು ಕಣ್ಣು ಮುಚ್ಚಿದರು. ನಿದ್ದೆ ಹೋದರೋ ಎಂದು ಶಿಷ್ಯ ಬಗ್ಗಿ ನೋಡುವಷ್ಟರಲ್ಲಿ ಕತೆ ಶುರುವಾಯಿತು.

ಒಂದು ಊರಿನಲ್ಲಿ ಒಬ್ಬ ಗೌಡ ಇದ್ದ. ಯಾವ ಊರು ಎಂದು ಕೇಳಬೇಡ, ಹೋದ ಸಲ ಕೇಳಿದವನಿಗೆ ಬೇರೆ ಹೆಸರು ಹೇಳಿದ್ದೇನೆ. ಗೌಡನ ಹೊಲದಲ್ಲಿ ಒಂದು ನಿಂಬೆಗಿಡ ಇತ್ತು. ಅದರ ಹಣ್ಣಿಗೆ ತೊಟ್ಟಿನ ಹತ್ತಿರ ಒಂದು ಉಬ್ಬು. ಅಂಥ ಹಣ್ಣು ಆ ಸೀಮೆಯಲ್ಲಿ ಇನ್ನೆಲ್ಲೂ ಇರಲಿಲ್ಲ. ಎತ್ತು, ಗದ್ದೆ, ಹೆಂಡತಿ, ಮಕ್ಕಳು ಎಲ್ಲ ಇದ್ದರೂ ಗೌಡನ ಜಂಬವೆಲ್ಲ ಆ ಗಿಡದ ಮೇಲೆ. ಹಣ್ಣು ಕಳುವಾಗತೊಡಗಿತು. ಒಂದು ದಿನ ಒಬ್ಬ ರೈತ ಬಗ್ಗಿ ನಮಸ್ಕಾರ ಮಾಡಿದಾಗ ಅವನ ರುಮಾಲಿನ ಮಡಿಕೆಯಿಂದ ಒಂದು ನಿಂಬೆಹಣ್ಣು ಉರುಳಿ, ಗೌಡನ ಕಾಲ ಬಳಿ ಬಂದು ನಿಂತಿತು.

ಮರುದಿನ ಗೌಡ ಡಂಗುರ ಹೊಡೆಸಿದ. ಇನ್ನು ಮೇಲೆ ಯಾರೂ ತಲೆಗೆ ರುಮಾಲು ಸುತ್ತಕೂಡದು. ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳಬೇಕು. ಇರುವುದೆಲ್ಲ ಎಲ್ಲರ ಕಣ್ಣಿಗೂ ಕಾಣಬೇಕು.

ಜನ ಬಿಚ್ಚಿದರು. ಬಟ್ಟೆ ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಕೋಳಿಗಳು ಅದರ ಮೇಲೆ ಕೂತು ಸವಾರಿ ಹೋದವು. ಒಬ್ಬನ ರುಮಾಲಿನ ತುದಿಯನ್ನು ಮೇಕೆ ತಿಂದದ್ದು ಅವನಿಗೆ ಮನೆ ಸೇರಿದ ಮೇಲೆ ಗೊತ್ತಾಯಿತು. ಮದುಮಗ ಹಸೆಯ ಮೇಲೆ ಕೂತು ಆದ ಮೇಲೂ ಅವನ ರುಮಾಲು ಬೀದಿಯಿಂದ ಒಳಗೆ ಬರುತ್ತಲೇ ಇತ್ತು. ಒಬ್ಬರ ಬಟ್ಟೆಗೆ ಇನ್ನೊಬ್ಬರು ಎಡವಿ ಬೈದಾಡಿದರು. ಕೊನೆಗೆ ಒಬ್ಬೊಬ್ಬರೇ ಕತ್ತರಿ ಹಿಡಿದು ತಂತಮ್ಮ ರುಮಾಲನ್ನು ಮೊಳದುದ್ದಕ್ಕೆ ಕತ್ತರಿಸಿಕೊಂಡರು. ಉಳಿದದ್ದು ಮಗುವಿನ ತೊಟ್ಟಿಲಿಗೆ, ಒಲೆಯ ಮಸಿಬಟ್ಟೆಗೆ ಹೋಯಿತು. ಊರು ಈಗ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಗೌಡನೊಬ್ಬ ಕತ್ತರಿಸಲಿಲ್ಲ. ಊರಿನಲ್ಲಿ ಅವನದೇ ಉದ್ದದ ರುಮಾಲು. ಅದನ್ನು ಹಿಂದೆ ಹರಡಿಕೊಂಡೇ ನಡೆಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಆಳುಗಳನ್ನು ಕರೆದುಕೊಂಡು ಗಿಡ ನೋಡಲು ಹೊರಟ. ದಾರಿಯ ಪಕ್ಕದಲ್ಲಿ ಒಂದು ಹಾಳು ಬಾವಿ. ಹಿಂದೆ ಬರುತ್ತಿದ್ದ ಆಳು ರುಮಾಲಿನ ತುದಿ ತುಳಿದ. ಗೌಡ ಬೈಯಲು ತಿರುಗಿದ. ಕಾಲಿಗೆ ಬಟ್ಟೆ ತೊಡರಿತು. ಬಾವಿಗೆ ಬಿದ್ದ.

ಬಾವಿ ಆಳವಾಗಿತ್ತು. ಗೌಡನಿಗೆ ಈಜು ಬರುತ್ತಿರಲಿಲ್ಲ. ಗೋಡೆಯಿಂದ ಹೊರಗೆ ಬಂದಿದ್ದ ಒಂದು ಬೇರನ್ನು ಎಡಗೈಯಲ್ಲಿ ಹಿಡಿದು, ಕತ್ತಿನವರೆಗೆ ನೀರಿನಲ್ಲಿ ನೇತಾಡಿದ. ನೆನೆದ ರುಮಾಲು ಕಾಲಿಗೆ ಸುತ್ತಿಕೊಂಡು ಕೆಳಕ್ಕೆ ಎಳೆಯುತ್ತಿತ್ತು. ಒಬ್ಬ ಆಳು ಹಗ್ಗ ತರಲು ಊರಿಗೆ ಓಡಿದ. ಊರು ದೂರ. ಉಳಿದವರು ತಮ್ಮ ಮೊಳದ ತುಂಡುಗಳನ್ನೆಲ್ಲ ಗಂಟು ಹಾಕಿ ಇಳಿಬಿಟ್ಟರು. ಅದು ಬಾವಿಯ ಬಾಯಿ ದಾಟಿ, ಅಲ್ಲೇ ಗಾಳಿಗೆ ಆಡಿತು. ಬೇರು ಸಡಿಲವಾಗುತ್ತಿತ್ತು.

ಆಗ ಬೇರೆ ಊರಿನ ಕುರಿ ಕಾಯುವವನೊಬ್ಬ ಮಂದೆಯೊಡನೆ ಆ ದಾರಿಯಲ್ಲಿ ಬಂದ. ತಲೆಯ ಮೇಲೆ ಕುಂಬಳಕಾಯಿಯಷ್ಟು ದಪ್ಪದ ಕೆಂಪು ರುಮಾಲು. ಒಬ್ಬ ಆಳು ಅಭ್ಯಾಸಬಲದಿಂದ, "ಏಯ್, ನಮ್ಮೂರಲ್ಲಿ ರುಮಾಲು ಸುತ್ತಂಗಿಲ್ಲ, ಬಿಚ್ಚು" ಎಂದ.

"ಯಾಕಪ್ಪ?"

"ನಾನು ಕೆಳಗಿದೀನಿ, ಅದಕ್ಕೆ" ಎಂದಿತು ಬಾವಿಯೊಳಗಿನ ದನಿ.

ಕುರಿಯವನು ಇಣುಕಿ ನೋಡಿದ. ದಂಡೆಯ ಮೇಲೆ ಕೂತು ಬಿಚ್ಚತೊಡಗಿದ. ಮೊದಲ ಸುತ್ತಿನಿಂದ ಹೊಗೆಸೊಪ್ಪು ಬಿತ್ತು. ಆಮೇಲೆ ಮುಳ್ಳು ತೆಗೆಯುವ ಸೂಜಿ. ಆಮೇಲೆ ಒಂದು ನಿಂಬೆಹಣ್ಣು ಉರುಳಿ ಬಾವಿಯೊಳಗೆ ಹೋಯಿತು. ಗೌಡನ ನೆತ್ತಿಗೆ ಬಡಿದು ನೀರಿನ ಮೇಲೆ ತೇಲಿತು. ಗೌಡ ಬಲಗೈಯಲ್ಲಿ ಹಿಡಿದು ನೋಡಿದ. ತೊಟ್ಟಿನ ಹತ್ತಿರ ಉಬ್ಬು.

ಕಳ್ಳ ಸಿಕ್ಕಿದ್ದ. ಸಾಕ್ಷಿ ಕೈಯಲ್ಲೇ ಇತ್ತು. ಗೌಡ ಕೂಗಲೆಂದು ತಲೆಯೆತ್ತಿದ.

ಮೇಲೆ ತಟ್ಟೆಯಷ್ಟು ಆಕಾಶ. ಅದರೊಳಗಿಂದ ಕೆಂಪು ಬಟ್ಟೆ ಇಳಿಯುತ್ತಿತ್ತು. ಇನ್ನೇನು ಮುಗಿಯಿತು ಎಂದುಕೊಂಡ. ಮುಗಿಯಲಿಲ್ಲ. ಬಿಸಿಲಿನಿಂದ ನೆರಳಿಗೆ ಬಂತು, ನೆರಳಿನಿಂದ ಕತ್ತಲಿಗೆ ಬಂತು, ಇನ್ನೂ ಬರುತ್ತಲೇ ಇತ್ತು. ಮೇಲಿದ್ದ ಆಳುಗಳು ದಂಡೆಗೆ ಬಗ್ಗಿ ನೋಡಿದರು. ಕುರಿಗಳು ಕೂಡ ಮೇಯುವುದನ್ನು ಬಿಟ್ಟು ನೋಡಿದವಂತೆ. ಅದನ್ನು ನಾನು ನಂಬುವುದಿಲ್ಲ, ಆದರೂ ಬಿಡಲು ಮನಸ್ಸಿಲ್ಲ. ಒಬ್ಬ ಮನುಷ್ಯನ ತಲೆಯ ಮೇಲೆ, ಕುಂಬಳಕಾಯಿಯಷ್ಟು ಜಾಗದಲ್ಲಿ, ಒಂದು ಬಾವಿಯಷ್ಟು ಆಳ ಕೂತಿತ್ತು. ಅಷ್ಟನ್ನು ಹೊತ್ತವನು ಯಾರ ಕಾಲಿಗೂ ತೊಡರದೆ ಅಷ್ಟು ದೂರ ನಡೆದು ಬಂದಿದ್ದ.

"ಗುರುಗಳೇ," ಎಂದ ಶಿಷ್ಯ, "ಒಂದು ರುಮಾಲು ಅಷ್ಟು ಉದ್ದ ಇರುತ್ತದೆಯೇ?"

"ನಾನು ಅಳೆಯಲಿಲ್ಲ. ಕೆಳಗಿದ್ದವನೂ ಅಳೆಯಲಿಲ್ಲ."

ಬಟ್ಟೆಯ ತುದಿ ಗೌಡನ ಮೂಗಿನ ಮುಂದೆ ಬಂದು ನಿಂತಿತು. ಎಡಗೈಯಲ್ಲಿ ಬೇರು. ಬಲಗೈಯಲ್ಲಿ ನಿಂಬೆಹಣ್ಣು. ಗೌಡ ಒಂದು ಗಳಿಗೆ ಎರಡನ್ನೂ ಬಿಡಲಿಲ್ಲ. ಬೇರು ಕಳಚಿತು. ಗೌಡ ನಿಂಬೆಹಣ್ಣನ್ನು ಬಿಟ್ಟು ಬಟ್ಟೆ ಹಿಡಿದ. ಮೇಲಿದ್ದವರೆಲ್ಲ ಸೇರಿ ಎಳೆದರು.

ಮೇಲೆ ಬಂದವನು ದಂಡೆಯ ಮೇಲೆ ಕೂತ. ಕುರಿಯವನು ಬಟ್ಟೆಯನ್ನು ಹಿಂಡಿ ಮತ್ತೆ ಸುತ್ತತೊಡಗಿದ. ಬಾವಿಯಷ್ಟಿದ್ದದ್ದು ನೋಡುನೋಡುತ್ತಲೇ ತಲೆಯಷ್ಟಾಯಿತು. ಮಂಗಳಾರತಿಗೆ ನಿಲ್ಲುವವನ ಹಾಗೆ ಗೌಡ ಎದ್ದು ನಿಂತು ನೋಡಿದ.

"ಎಷ್ಟು ಮಾರು ಇದೆಯೋ ಇದು?" ಎಂದ.

"ಅಳೆದಿಲ್ಲ ಗೌಡ್ರೇ. ಪೂರ್ತಿ ಬಿಚ್ಚೋ ಕೆಲಸ ಇವತ್ತೇ ಬಿದ್ದಿದ್ದು."

"ಒಳಗೆ ಏನೇನಿತ್ತು?"

"ಹೊಗೆಸೊಪ್ಪು, ಸೂಜಿ, ನಿಮ್ಮದೊಂದು ನಿಂಬೆಹಣ್ಣು" ಎಂದ ಕುರಿಯವನು, ಮಂದೆ ಹೊಡೆದುಕೊಂಡು ಹೋದ.

ಮರುದಿನ ಮತ್ತೆ ಡಂಗುರ. ರುಮಾಲು ಸುತ್ತಬಹುದು. ಒಳಗೇನಿದೆ ಎಂದು ಕೇಳಿದರೆ ನಿಜ ಹೇಳಬೇಕು. ಡಂಗುರ ಕೇಳಿದ ಜನ ಬರಿದಾದ ತಲೆಯನ್ನು ಮುಟ್ಟಿಕೊಂಡರು. ಸುತ್ತುವಷ್ಟು ಬಟ್ಟೆ ಆ ಊರಿನಲ್ಲಿ ಯಾರ ಬಳಿಯೂ ಉಳಿದಿರಲಿಲ್ಲ.

ಗುರುಗಳು ಕಣ್ಣು ತೆರೆದರು. ಶಿಷ್ಯನಿಗೆ ಪೂರ್ತಿ ಸಮಾಧಾನವಾಗಲಿಲ್ಲ.

"ಉಪ್ಪಿನಕಾಯಿಯವರಿಗೆ, ಮೇಲಿನ ಸಾಲಿನಲ್ಲಿ ನಿಜ ಬರೆಯಿರಿ ಎಂದು ಹೇಳುತ್ತೇನೆ. ಅದು ಸರಿ. ಆದರೆ ಆ ತಾಯಿ ಬರೆದದ್ದು ಅಷ್ಟು ಉದ್ದ, ಗುರುಗಳೇ. ಬಿಚ್ಚಿದವರು ಒಬ್ಬರೇ."

ಗುರುಗಳು ಹೇಳಿದರು: "ಬಾವಿಯಲ್ಲಿದ್ದವನೂ ಒಬ್ಬನೇ."